ಹಾಟ್ ಯೋಗ ಮಾಡಿದರೆ ಹಸಿವು ಕಡಿಮೆ ಆಗುತ್ತಾ?

ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಂತಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ನೀವು ಆ ಬಿಸಿ ರೂಮಿನಲ್ಲಿ ಯೋಗ ಮಾಡ್ತೀರಂತಲ್ಲ, ಹಸಿವು ಕಡಿಮೆ ಆಗುತ್ತಾ, ಜಾಸ್ತಿ ಆಗುತ್ತಾ?" ಊರಿಗೆ ಫೋನ್ ಮಾಡಿದರೆ ಅತ್ತಿಗೆಯೂ ಇದನ್ನೇ ಕೇಳುತ್ತಾರೆ. ಈ ಪ್ರಶ್ನೆಯ ಹಿಂದೆ ತೂಕ ಇಳಿಯುತ್ತಾ ಎಂಬ ಇನ್ನೊಂದು ಪ್ರಶ್ನೆ ಇರುವುದು ನನಗೆ ಗೊತ್ತು. ಎರಡಕ್ಕೂ ಉತ್ತರ ಕೊಡುತ್ತೇನೆ.

ನಾನು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಆರು ವರ್ಷದಿಂದ ವಾರಕ್ಕೆ ಮೂರು ಸಂಜೆ ಹಾಟ್ ಯೋಗಕ್ಕೆ ಹೋಗುತ್ತೇನೆ. ನನ್ನ ಅನುಭವ ಇಷ್ಟು. ಕ್ಲಾಸ್ ಮುಗಿದ ಮೊದಲ ಒಂದು ಗಂಟೆ ಹಸಿವೇ ಇರುವುದಿಲ್ಲ. ಆಮೇಲೆ ಬಾಯಾರಿಕೆ ಹಸಿವಿನ ವೇಷ ಹಾಕಿಕೊಂಡು ಬರುತ್ತದೆ. ಅದರ ಹಿಂದೆಯೇ ನಿಜವಾದ ಹಸಿವು ಬರುತ್ತದೆ. ಯಾವುದು ಯಾವುದು ಅಂತ ಗುರುತು ಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಹಾಟ್ ಯೋಗದ ಹಳೆಯ ರೂಪ ಬಿಕ್ರಮ್ ಯೋಗ. 26 ಆಸನ, ಎರಡು ಉಸಿರಾಟದ ಅಭ್ಯಾಸ, 90 ನಿಮಿಷ. ಕೋಣೆಯ ಶಾಖ ಸುಮಾರು 40 ಡಿಗ್ರಿ, ಗಾಳಿಯ ತೇವ ಶೇಕಡ 40. ಕಲ್ಕತ್ತಾದ ಬಿಷ್ಣು ಚರಣ್ ಘೋಷ್ ಅವರ ಶಿಷ್ಯ ಬಿಕ್ರಮ್ ಚೌಧರಿ 1970ರ ದಶಕದಲ್ಲಿ ಇದನ್ನು ಅಮೆರಿಕದಲ್ಲಿ ಹರಡಿದರು. ಮುಂದೆ ಅವರ ಮೇಲೆ ಶಿಷ್ಯೆಯರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. ಹಲವು ಸ್ಟುಡಿಯೋಗಳು ಆ ಹೆಸರನ್ನೇ ಕೈಬಿಟ್ಟವು. ಈಗ ಬರೀ ಹಾಟ್ ಯೋಗ ಎನ್ನುತ್ತಾರೆ.

ನಾನು ಬೆಳೆದದ್ದು ರಾಯಚೂರಿನಲ್ಲಿ. 40 ಡಿಗ್ರಿ ಅಂದರೆ ನಮ್ಮೂರಿನ ಏಪ್ರಿಲ್. ಬೇಸಿಗೆಯ ಮಧ್ಯಾಹ್ನ ಹೊರಗಿಂದ ಬಂದವರಿಗೆ ರೊಟ್ಟಿ ಮುಟ್ಟಲು ಮನಸ್ಸು ಬರುವುದಿಲ್ಲ. ನೀರು ಬೇಕು, ಮಜ್ಜಿಗೆ ಬೇಕು, ನೆರಳು ಬೇಕು. ಬಿಸಿ ಕೋಣೆಯಲ್ಲೂ ಆಗುವುದು ಇದೇ. ಮೈ ತಂಪು ಮಾಡಿಕೊಳ್ಳಲು ರಕ್ತ ಚರ್ಮದ ಕಡೆಗೆ ಓಡುತ್ತದೆ. ಹೊಟ್ಟೆ, ಕರುಳಿಗೆ ಹೋಗುವ ರಕ್ತ ಅಷ್ಟು ಹೊತ್ತು ಕಡಿಮೆಯಾಗುತ್ತದೆ. ಜೊತೆಗೆ, ಜೋರಾಗಿ ವ್ಯಾಯಾಮ ಮಾಡಿದಾಗ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಸ್ವಲ್ಪ ಹೊತ್ತು ತಗ್ಗುತ್ತದೆ. ಹೊಟ್ಟೆ ತುಂಬಿದೆ ಅನ್ನಿಸುವ ಪಿವೈವೈ, ಜಿಎಲ್‌ಪಿ-1 ಎಂಬ ಹಾರ್ಮೋನುಗಳು ಏರುತ್ತವೆ. ಹಾಗಾಗಿ ಆ ಒಂದು ಗಂಟೆ ಊಟದ ನೆನಪೂ ಬಾರದಿರುವುದು ಸಹಜ.

ಚಳಿ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಫ್ಲಾರಿಡಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವಿದೆ. ಅದರಲ್ಲಿ ಅದೇ ಜನ ಒಮ್ಮೆ 20 ಡಿಗ್ರಿಯ ತಣ್ಣೀರಿನಲ್ಲಿ, ಇನ್ನೊಮ್ಮೆ 33 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ವ್ಯಾಯಾಮ ಮಾಡಿದರು. ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟರೆ, ತಣ್ಣೀರಿನ ದಿನ ಶೇಕಡ 44ರಷ್ಟು ಹೆಚ್ಚು ತಿಂದರು. ಇದನ್ನು ಓದಿದಾಗ ನನ್ನ ಒಂದು ಒಗಟು ಬಿಡಿಸಿದಂತಾಯಿತು. ಇಲ್ಲಿ ಜನವರಿಯಲ್ಲಿ ಹೊರಗೆ ಮೈನಸ್ 15 ಇರುತ್ತದೆ. ಬಿಸಿ ಕೋಣೆಯಿಂದ ಬಂದು, ಒದ್ದೆ ಕೂದಲಲ್ಲೇ ಕಾರಿನವರೆಗೆ ನಡೆದರೆ ಮನೆ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗೆ ಹಸಿವು. ಜುಲೈನಲ್ಲಿ ಹಾಗಾಗುವುದಿಲ್ಲ. ಈಗ ಚಳಿಗಾಲದಲ್ಲಿ ಅಲ್ಲೇ ಸ್ನಾನ ಮಾಡಿ, ತಲೆ ಒಣಗಿಸಿಕೊಂಡು, ಮೈ ಸಹಜಕ್ಕೆ ಬಂದ ಮೇಲೆ ಹೊರಡುತ್ತೇನೆ. ಇಷ್ಟು ಸಣ್ಣ ಬದಲಾವಣೆಯಿಂದ ರಾತ್ರಿ ಊಟವೇ ಬೇರೆ ಆಯಿತು.

ನಾನು ಜಾಸ್ತಿ ಹೇಳಬೇಕಿರುವುದು ಉಪ್ಪಿನ ಬಗ್ಗೆ. ಮೊದಲ ವರ್ಷ ಕ್ಲಾಸ್ ಮುಗಿದ ಕೂಡಲೇ ಬರೀ ನೀರು ಕುಡಿಯುತ್ತಿದ್ದೆ, ಅದೂ ಒಂದೇ ಉಸಿರಿಗೆ. ರಾತ್ರಿ ಒಂಬತ್ತಕ್ಕೆ ತಲೆನೋವು. ಹತ್ತಕ್ಕೆ ಚಿಪ್ಸ್ ಪೊಟ್ಟಣ ಕೈಗೆ ಬರುತ್ತಿತ್ತು. ಅದು ಮುಗಿದರೆ ಚೌಚೌ, ಉಪ್ಪಿನಕಾಯಿ. ನನಗೆ ಮನಸ್ಸಿನ ಮೇಲೆ ಹಿಡಿತ ಇಲ್ಲ ಅಂದುಕೊಂಡು ಬೇಜಾರು ಮಾಡಿಕೊಳ್ಳುತ್ತಿದ್ದೆ. ಆದರೆ ಮೈ ಉಪ್ಪು ಕೇಳುತ್ತಿತ್ತು, ಅಷ್ಟೇ. ಒಂದು ಕ್ಲಾಸಿನಲ್ಲಿ ಒಂದು ಲೀಟರ್‌ಗೂ ಹೆಚ್ಚು ಬೆವರು ಹೋಗಬಹುದು. ಒಂದು ಲೀಟರ್ ಬೆವರಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ ಇರುತ್ತದೆ. ಅಂದರೆ ಹತ್ತಿರ ಹತ್ತಿರ ಅರ್ಧ ಟೀ ಚಮಚ ಉಪ್ಪು. ಜನರಿಂದ ಜನರಿಗೆ ಇದು ತುಂಬಾ ಬದಲಾಗುತ್ತದೆ. ಒಣಗಿದ ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆ ಕಂಡರೆ ನಿಮ್ಮದು ಉಪ್ಪಿನ ಬೆವರು.

ವಿಡಿಯೋ ಕಾಲ್‌ನಲ್ಲಿ ಇದನ್ನು ಹೇಳಿದಾಗ ಅವ್ವ ತಕ್ಷಣ ಅಂದಳು: "ಬಿಸಲಾಗಿಂದ ಬಂದ ಕೂಡ್ಲೆ ಉಣಬಾರದವ್ವ. ಮೊದಲ ಉಪ್ಪು ಹಾಕಿದ ಮಜ್ಜಿಗಿ ಕುಡಿ. ಆಮ್ಯಾಲ ನುಚ್ಚು ಉಣ್ಣು." ಹೊಲದ ಕೆಲಸ ಮಾಡಿದವರಿಗೆ ಇದು ಯಾವತ್ತಿನಿಂದಲೋ ಗೊತ್ತಿರುವ ವಿಷಯ. ಅವತ್ತಿನಿಂದ ಸ್ಟೀಲ್ ಬಾಟಲಿಯಲ್ಲಿ ನೀರು ಮಜ್ಜಿಗೆ ಒಯ್ಯುತ್ತೇನೆ. ಉಪ್ಪು, ಜೀರಿಗೆ ಪುಡಿ, ಒಂದಿಷ್ಟು ಕೊತ್ತಂಬರಿ. ಅರ್ಧ ಗಂಟೆಯಲ್ಲಿ ಗುಟುಕು ಗುಟುಕಾಗಿ ಮುಗಿಸುತ್ತೇನೆ. ರಾತ್ರಿಯ ಚಿಪ್ಸ್ ಚಪಲ ಎರಡೇ ವಾರದಲ್ಲಿ ಹೋಯಿತು. ಬಿಪಿ ಇರುವವರು ಮಾತ್ರ ಈ ಉಪ್ಪಿನ ಲೆಕ್ಕವನ್ನು ಡಾಕ್ಟರ ಹತ್ತಿರ ಕೇಳಿಯೇ ಮಾಡಿ.

ಅಭ್ಯಾಸ ಮಾಡುತ್ತಾ ಹೋದಂತೆ ನಾನು ಎಷ್ಟು ತಿನ್ನುತ್ತೇನೆ ಎನ್ನುವುದಕ್ಕಿಂತ ಯಾವಾಗ, ಏನು ತಿನ್ನುತ್ತೇನೆ ಎನ್ನುವುದು ಬದಲಾಯಿತು. ತುಂಬಿದ ಹೊಟ್ಟೆಯಲ್ಲಿ ಆ ಶಾಖದಲ್ಲಿ ಬಗ್ಗಿ ನೋಡಿ, ತಿಂದದ್ದೆಲ್ಲ ಗಂಟಲಿಗೆ ಬರುತ್ತದೆ. ಹಾಗಾಗಿ ಸಂಜೆ ಆರರ ಕ್ಲಾಸಿಗೆ ಮೂರು ಗಂಟೆಯ ಮೊದಲೇ ತಿಂದು ಮುಗಿಸುತ್ತೇನೆ. ಆಫೀಸಿನ ನಾಲ್ಕು ಗಂಟೆಯ ಸಮೋಸ, ಕೇಕು ತಾನಾಗಿ ಬಿಟ್ಟುಹೋದವು. ಯಾರೂ ಬೇಡ ಅನ್ನಲಿಲ್ಲ. ಹಳೆಯ ಯೋಗ ಗ್ರಂಥವಾದ ಹಠಯೋಗ ಪ್ರದೀಪಿಕೆಯಲ್ಲಿ ಮಿತಾಹಾರ ಅಂದರೆ ಹೊಟ್ಟೆಯ ಕಾಲು ಭಾಗ ಖಾಲಿ ಬಿಡುವುದು ಎಂದಿದೆ. ಅದೇ ಪುಸ್ತಕ, ಅಭ್ಯಾಸದ ಶುರುವಿನಲ್ಲಿ ಬೆಂಕಿ ಕಾಯಿಸಿಕೊಳ್ಳುವುದು ಬೇಡ ಅಂತಲೂ ಹೇಳುತ್ತದೆ. ಬಿಸಿ ಕೋಣೆ ನಮ್ಮ ಹಳೆಯ ಯೋಗದ ಭಾಗ ಅಂದುಕೊಂಡವರು ಇದನ್ನು ಗಮನಿಸಬೇಕು.

ಬೇಸರಕ್ಕೆ, ಟೆನ್ಷನ್‌ಗೆ ತಿನ್ನುವುದೂ ನನ್ನಲ್ಲಿ ಕಡಿಮೆಯಾಗಿದೆ. 2016ರಲ್ಲಿ ಅಮೆರಿಕದ ಒಂದು ಅಧ್ಯಯನ ಇದನ್ನೇ ನೋಡಿತ್ತು. ಒತ್ತಡವಾದಾಗ ತಿನ್ನುವ ಅಭ್ಯಾಸ ಇದ್ದ 52 ಮಹಿಳೆಯರಲ್ಲಿ ಒಂದು ಗುಂಪು ಎಂಟು ವಾರ ಬಿಸಿ ಕೋಣೆಯ ಯೋಗ ಮಾಡಿತು. ಮಾಡದವರಿಗೆ ಹೋಲಿಸಿದರೆ ಅವರಲ್ಲಿ ಆ ಅಭ್ಯಾಸ ಹೆಚ್ಚು ತಗ್ಗಿತು. ಇದು ಶಾಖದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಬೆವರು ಕಣ್ಣಿಗೆ ಇಳಿಯುವಾಗಲೂ ಒರೆಸಿಕೊಳ್ಳದೆ ನಿಲ್ಲುವುದು ಕಲಿತ ಮೇಲೆ, ಫ್ರಿಜ್ ಮುಂದೆ ಎರಡು ನಿಮಿಷ ಸುಮ್ನೆ ನಿಲ್ಲುವುದೂ ಸಾಧ್ಯವಾಗುತ್ತದೆ.

ಇನ್ನು ತೂಕ. ಕ್ಲಾಸಿಗೆ ಮುಂಚೆ, ಆಮೇಲೆ ತೂಗಿದರೆ ಒಂದು ಕಿಲೋ ಇಳಿದಿರುತ್ತದೆ. ಅದು ನೀರು, ಕೊಬ್ಬಲ್ಲ. ಸಾವಿರ ಕ್ಯಾಲರಿ ಕರಗುತ್ತದೆ ಎಂಬ ಮಾತೂ ನಿಜವಲ್ಲ. ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅಳೆದಾಗ 90 ನಿಮಿಷಕ್ಕೆ ಗಂಡಸರಲ್ಲಿ ಸರಾಸರಿ 460, ಹೆಂಗಸರಲ್ಲಿ 330 ಕ್ಯಾಲರಿ ಬಂತು. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ ತಿಂದರೆ ಅಷ್ಟೂ ವಾಪಸ್. ಎದೆ ಜೋರಾಗಿ ಬಡಿದುಕೊಳ್ಳುತ್ತದೆ ನಿಜ. ಅದರಲ್ಲಿ ಒಂದು ದೊಡ್ಡ ಪಾಲು ಮೈ ತಂಪು ಮಾಡುವ ಕೆಲಸಕ್ಕೆ ಹೋಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಪಕ್ಕದ ಮ್ಯಾಟಿನಲ್ಲಿ ಒಬ್ಬ ಹುಡುಗಿ ಬರುತ್ತಿದ್ದಳು, ಓದಲು ಬಂದವಳು. ಹಸಿವಿಲ್ಲದ ಆ ಒಂದು ಗಂಟೆಯನ್ನೇ ನೆಚ್ಚಿಕೊಂಡು ರಾತ್ರಿ ಊಟ ಬಿಟ್ಟುಬಿಟ್ಟಳು. ಮನೆಗೆ ಹೋದವಳೇ ಮಲಗಿಬಿಡುವುದು. ವಾರಕ್ಕೆ ಆರು ಕ್ಲಾಸ್. ನಾಲ್ಕು ತಿಂಗಳಲ್ಲಿ ಕೂದಲು ಉದುರಿತು, ಮುಟ್ಟು ನಿಂತಿತು. ಒಂದು ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಸಿದು ಕೂತಳು. "ಅಕ್ಕಾ, ನನಗೆ ಹಸಿವೇ ಆಗಲ್ಲ, ಅದು ಒಳ್ಳೇದಲ್ವಾ?" ಅಂತ ಕೇಳಿದಳು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕ್ಲಾಸ್ ನಿಲ್ಲಿಸಿ, ಮೊದಲು ಊಟ ಸರಿ ಮಾಡಿಕೊಳ್ಳಿ ಎಂದರು.

ಊಟದ ಜೊತೆ ಹೀಗೆ ಜಗಳ ಇರುವವರು, ಬಸುರಿಯರು, ಹೃದಯದ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಿಸಿ ಕೋಣೆಗೆ ಹೋಗಬೇಡಿ. ಉಳಿದವರು ಹಸಿವಾಗಲಿ ಬಿಡಲಿ, ಕ್ಲಾಸ್ ಮುಗಿದ ಎರಡು ಗಂಟೆಯೊಳಗೆ ಊಟ ಮಾಡಿ. ನನ್ನದು ಹೆಚ್ಚಾಗಿ ಜೋಳದ ನುಚ್ಚು, ಮೊಸರು, ಹೆಸರುಕಾಳಿನ ಪಲ್ಯ. ಬಿಸಿಬಿಸಿ ಎಣ್ಣೆ ಪದಾರ್ಥ ಆ ಹೊತ್ತಿಗೆ ಒಳಗೆ ಇಳಿಯುವುದಿಲ್ಲ.

ಆ ಹುಡುಗಿ ಏಳು ತಿಂಗಳಾದ ಮೇಲೆ ಮತ್ತೆ ಬಂದಳು, ಈಗ ವಾರಕ್ಕೆ ಎರಡೇ ದಿನ. ಮಂಗಳವಾರ, ಗುರುವಾರ ನಾನು ಎರಡು ಡಬ್ಬಿ ಕಟ್ಟಿಕೊಂಡು ಹೋಗುತ್ತೇನೆ. ಕಾರಿನಲ್ಲಿ ಹೀಟರ್ ಹಾಕಿಕೊಂಡು ಇಬ್ಬರೂ ಮೊದಲು ಮಜ್ಜಿಗೆ ಕುಡಿಯುತ್ತೇವೆ. ಡಬ್ಬಿ ಖಾಲಿಯಾದ ಮೇಲೆಯೇ ಅವಳನ್ನು ಮನೆಗೆ ಬಿಡುತ್ತೇನೆ.