ಪಾಳಿ ಮುಗಿದ ಮೇಲೆ

ನಿನ್ನೆ ರಾತ್ರಿ ಹೆದ್ದಾರಿಯ ಅಪಘಾತದಲ್ಲಿ ಗಾಯಗೊಂಡ ಯುವಕನೊಬ್ಬನನ್ನು ಆಸ್ಪತ್ರೆ ಸೇರುವವರೆಗೂ ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ. ನಿಮಿಷಕ್ಕೆ 100ರಿಂದ 120 ಬಾರಿಯಂತೆ ಎದೆಯೊತ್ತುತ್ತಲೇ ಬಂದಿದ್ದ ನನ್ನ ಕೈಗಳು ಆಮೇಲೂ ಬಹಳ ಹೊತ್ತು ನಡುಗುತ್ತಿದ್ದವು. ಆಂಬುಲೆನ್ಸ್ ಓಡಿಸುವ ಹಿರಿಯರು, ನಮ್ಮಲ್ಲಿ ಅವರನ್ನು ಪೈಲಟ್ ಎನ್ನುತ್ತೇವೆ, ನನ್ನ ಕೈಯಿಂದ ಬಕೆಟ್ ತೆಗೆದುಕೊಂಡು, "ನೀವು ಸ್ವಲ್ಪ ಕೂತ್ಕೊಳ್ಳಿ ಮೇಡಂ" ಎಂದಷ್ಟೇ ಹೇಳಿ, ಸ್ಟ್ರೆಚರಿನ ಮೇಲಿದ್ದ ರಕ್ತವನ್ನು ತಾವೇ ತೊಳೆದರು.

ಕರ್ನಾಟಕದಲ್ಲಿ 108 ಸೇವೆ ಆರಂಭವಾದದ್ದು 2008ರಲ್ಲಿ. ಆ ಸಂಖ್ಯೆ ಇಂದು ಮಕ್ಕಳಿಗೂ ಗೊತ್ತು. ಈ ಕೆಲಸ ಮಾಡುವವರ ಮನೋಬಲವನ್ನು ಹೊಗಳುವವರು ಬಹಳ ಮಂದಿಯಿದ್ದರೂ, ಅದು ದಿನದಿನಕ್ಕೆ ಸವೆಯುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಸಹೋದ್ಯೋಗಿಗಳು ದಯವಿಟ್ಟು ಸಂಕೋಚಪಡಬೇಡಿ. ಆದರೆ ಸಾವನ್ನು ಕಂಡ ತಂಡಕ್ಕೆ ಮುಂದಿನ ಕರೆಗೆ ಮೊದಲು ಅರ್ಧ ಗಂಟೆಯ ಬಿಡುವು, "ಹೇಗಿದ್ದೀರಿ" ಎಂದು ಕೇಳುವ ಒಬ್ಬ ಮೇಲಧಿಕಾರಿ, ಇವೆರಡೂ ಕೆಲಸದ ಜಾಗದಲ್ಲೇ ಸಿಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂದು ಸಂಜೆ ಮತ್ತೆ ಪಾಳಿಯಿದೆ. ಆ ಹಿರಿಯರಿಗೆಂದು ಅಮ್ಮ ಮಾಡಿದ ಚಕ್ಕುಲಿಯನ್ನು ಡಬ್ಬಿಗೆ ತುಂಬಿಟ್ಟಿದ್ದೇನೆ.