ಜನವರಿಯಲ್ಲಿ ಲಿಸ್ಬನ್: ಚಳಿ ಇರೋದು ಮನೆಯೊಳಗೆ

ಜನವರಿ ಎರಡನೇ ವಾರದಿಂದ ಹತ್ತು ದಿನ ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಲಿಸ್ಬನ್‌ನಲ್ಲಿದ್ದೆವು. ಹೊರಡುವ ಮುಂಚೆ ವಿಚಾರಿಸಿದವರೆಲ್ಲ ಒಂದೇ ಮಾತು ಹೇಳಿದ್ದರು: "ಯೂರೋಪಿಗೆ ಚಳಿಗಾಲದಲ್ಲಿ ಹೋಗೋದಾದ್ರೆ ಪೋರ್ಚುಗಲ್‌ಗೇ ಹೋಗಿ, ಅಲ್ಲಿ ಚಳಿನೇ ಇರಲ್ಲ." ಅರ್ಧ ನಿಜ. ಇನ್ನರ್ಧ ಯಾರೂ ಹೇಳಲಿಲ್ಲ, ಅದನ್ನು ನಾವು ಒದ್ದೆ ಸಾಕ್ಸ್ ಹಾಕಿಕೊಂಡು ಕಲಿತೆವು.

ಮೊದಲು ಲೆಕ್ಕ ನೋಡೋಣ. ಜನವರಿಯಲ್ಲಿ ಹಗಲು ಸರಾಸರಿ 15 ಡಿಗ್ರಿ, ರಾತ್ರಿ 8. ಹಿಮದ ಮಾತೇ ಇಲ್ಲ. 2006ರ ಜನವರಿಯಲ್ಲಿ ಒಂದು ದಿನ ಬಿದ್ದಿತ್ತು, ಅದೂ ಐವತ್ತು ವರ್ಷದ ಮೇಲೆ, ಜನ ಇವತ್ತಿಗೂ ಅದನ್ನು ನೆನೆಸಿಕೊಳ್ಳುತ್ತಾರೆ. ವರ್ಷದ ಮಳೆ ಸುಮಾರು 775 ಮಿಲಿಮೀಟರ್. ಬೆಂಗಳೂರಿಗಿಂತ ಕಮ್ಮಿ, ಅಲ್ವಾ? ಮೋಸ ಹೋಗುವುದು ಇಲ್ಲೇ. ಆ ಮಳೆಯಲ್ಲಿ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಸುರಿದು ಮುಗಿಯುತ್ತದೆ. ನವೆಂಬರ್, ಡಿಸೆಂಬರ್ ತಿಂಗಳಿಗೆ 127 ಮಿ.ಮೀ. ಹತ್ತಿರ, ಜನವರಿಗೆ 100. ಜುಲೈನಲ್ಲಿ ಬರೀ ನಾಲ್ಕು! ಬೇಸಿಗೆಯಲ್ಲಿ ಅಟ್ಲಾಂಟಿಕ್ ಮೇಲೆ, ಅಜೋರ್ಸ್ ದ್ವೀಪಗಳ ಕಡೆ, ಒತ್ತಡ ಜಾಸ್ತಿ ಇರುವ ಗಾಳಿಯ ರಾಶಿ ಕೂತು ಮೋಡಗಳನ್ನು ಆಚೆಗೆ ತಳ್ಳುತ್ತದೆ. ಚಳಿಗಾಲಕ್ಕೆ ಅದು ದಕ್ಷಿಣಕ್ಕೆ ಸರಿದರೆ ಬಾಗಿಲು ತೆರೆದ ಹಾಗೆ, ಸಮುದ್ರದಿಂದ ಒಂದರ ಹಿಂದೊಂದು ಮಳೆ ಬರುತ್ತದೆ. ಜೂನ್-ಜುಲೈನಲ್ಲಿ ಮಳೆ, ಚಳಿಗಾಲ ಒಣಗಿದ್ದು ಅಂತ ಬೆಳೆದ ನಮಗೆ ಇದು ಪೂರ್ತಿ ಉಲ್ಟಾ.

ನಾವು ಮಲೆನಾಡಿನ ಸಾಗರದ ಕಡೆಯವರು. ಮಳೆಗೆ ಹೆದರುವ ಜನ ಅಲ್ಲ ಅಂತ ಸ್ವಲ್ಪ ಜಂಬವೂ ಇತ್ತು. ಆದರೆ ಇದರ ರೀತಿಯೇ ಬೇರೆ. ನಮ್ಮಲ್ಲಿ ಆಷಾಢದ ಮಳೆ ಹಿಡಿದರೆ ಹಿಡಿಯಿತು, ನಾಲ್ಕು ದಿನ ಮನೆಯಲ್ಲೇ ಕೂರೋದು ಅಂತ ಮನಸ್ಸು ಮಾಡಿಬಿಡಬಹುದು. ಲಿಸ್ಬನ್‌ನಲ್ಲಿ ಮೊದಲು ಗಾಳಿ ಬರುತ್ತದೆ, ಆಮೇಲೆ ಎರಡು ಮೂರು ಗಂಟೆ ಅಡ್ಡಡ್ಡ ಮಳೆ, ಆಮೇಲೆ ಯಾರೋ ನಲ್ಲಿ ತಿರುಗಿಸಿದ ಹಾಗೆ ನಿಂತು ನೀಲಿ ಆಕಾಶ, ಅಂಥ ನೀಲಿ ನಾನು ಕೊಡಗಿನ ಡಿಸೆಂಬರ್‌ನಲ್ಲಿ ಮಾತ್ರ ನೋಡಿದ್ದು, ಸರಿ ಅಂತ ಜಾಕೆಟ್ ಬಿಚ್ಚಿ ಕೈಯಲ್ಲಿ ಹಿಡಿಯುವಷ್ಟರಲ್ಲಿ ಮತ್ತೆ ಹತ್ತು ನಿಮಿಷ ದಬದಬ. ಹತ್ತು ದಿನದಲ್ಲಿ ಮೂರು ದಿನ ಪೂರ್ತಿ ಒದ್ದೆ, ಮೂರು ದಿನ ಚೆನ್ನಾದ ಬಿಸಿಲು, ಉಳಿದ ನಾಲ್ಕು ದಿನ ಈ ಕಣ್ಣಾಮುಚ್ಚಾಲೆ.

ಹಾಗಾಗಿ ಮೊಬೈಲ್‌ನಲ್ಲಿ ಹತ್ತೂ ದಿನ ಮಳೆ ಮೋಡದ ಚಿತ್ರ ಕಂಡರೆ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಅಲ್ಲಿನ ಹವಾಮಾನ ಇಲಾಖೆ ಐಪಿಎಂಎ, ಅದರ ಸೈಟಿನಲ್ಲಿ ಗಂಟೆ ಗಂಟೆಯ ಮುನ್ಸೂಚನೆ ಇರುತ್ತದೆ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನು ನೋಡಿ ಆವತ್ತಿನ ಪ್ಲಾನ್ ಹಾಕಿ. ಹಳದಿ ಎಚ್ಚರಿಕೆ ಬಂದರೆ ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಡಿ, ಕಿತ್ತಳೆ ಅಥವಾ ಕೆಂಪು ಬಂದರೆ ಸಮುದ್ರದ ದಂಡೆ, ಕಾಡು ಎರಡೂ ಬೇಡ. 2022ರ ಡಿಸೆಂಬರ್‌ನಲ್ಲಿ ಒಂದೇ ವಾರದಲ್ಲಿ ಎರಡು ಸಲ ಊರಿನ ತಗ್ಗು ಜಾಗಗಳಿಗೆಲ್ಲ ನೀರು ನುಗ್ಗಿತ್ತು. ಅಂಡರ್‌ಪಾಸ್‌ಗಳು ಮುಳುಗಿದ್ದವು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ಮನೆ. ನಾವು ಅಡುಗೆ ಮಾಡಿಕೊಳ್ಳಬಹುದು ಅಂತ ಹಳೇ ಬಡಾವಣೆಯಲ್ಲಿ ಒಂದು ಫ್ಲಾಟ್ ಹಿಡಿದಿದ್ದೆವು. ಫೋಟೋದಲ್ಲಿ ಚಂದ. ಒಳಗೆ ಕಾಲಿಟ್ಟರೆ ಹೊರಗಿಗಿಂತ ಚಳಿ! ಹೊರಗೆ ಬಿಸಿಲಿನಲ್ಲಿ ಶರ್ಟಿನಲ್ಲೇ ಓಡಾಡಿ ಬಂದವರು ಮನೆಯೊಳಗೆ ಬಂದು ಸ್ವೆಟರ್ ಹುಡುಕುತ್ತಿದ್ದೆವು. ಜರ್ಮನಿಯಲ್ಲಿ ಹೊರಗೆ ಮೈನಸ್ ಇದ್ದರೂ ಒಳಗೆ ಬೆಚ್ಚಗಿರುತ್ತದೆ, ಇಲ್ಲಿ ಹಳೇ ಮನೆಗಳಲ್ಲಿ ಸೆಂಟ್ರಲ್ ಹೀಟಿಂಗ್ ಇರುವುದು ಅಪರೂಪ. ಕಿಟಕಿ ಸಂದಿಯಿಂದ ಗಾಳಿ, ನೆಲಕ್ಕೆ ತಣ್ಣನೆ ಟೈಲ್ಸ್. ಇದು ಪ್ರವಾಸಿಗರ ಗೊಣಗಾಟ ಮಾತ್ರ ಅಲ್ಲ. 2023ರಲ್ಲಿ ಮನೆಯನ್ನು ಸಾಕಷ್ಟು ಬೆಚ್ಚಗಿಟ್ಟುಕೊಳ್ಳಲು ಆಗುತ್ತಿಲ್ಲ ಅಂದವರ ಪಾಲು ಇಡೀ ಯೂರೋಪ್ ಒಕ್ಕೂಟದಲ್ಲೇ ಅತಿ ಹೆಚ್ಚು ಇದ್ದದ್ದು ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ, ನೂರಕ್ಕೆ ಸುಮಾರು 21 ಜನ.

ಮೊದಲ ರಾತ್ರಿ ಕರೆಂಟಿನಿಂದ ಕಾಯುವ ಎಣ್ಣೆ ಹೀಟರ್ ಹಚ್ಚಿದೆವು, ಅಮ್ಮ ರೈಸ್ ಕುಕ್ಕರ್ ಇಟ್ಟರು, ನನ್ನ ಹೆಂಡತಿ ಟೀಗೆ ಕೆಟಲ್ ಒತ್ತಿದಳು. ಟಪ್. ಇಡೀ ಮನೆ ಕತ್ತಲು. ಫ್ಯೂಸ್ ಬೋರ್ಡ್ ಎಲ್ಲಿದೆ ಅಂತ ಟಾರ್ಚ್ ಹಿಡಿದು ಹುಡುಕಿದರೆ ಬಾಗಿಲ ಹಿಂದೆ, ಕೋಟಿನ ಮರೆಯಲ್ಲಿ ಇತ್ತು. ಆಮೇಲೆ ಗೊತ್ತಾಯಿತು, ಅಲ್ಲಿ ಮನೆಗೆ ಇಂತಿಷ್ಟು ಅಂತ ವಿದ್ಯುತ್ ಒಪ್ಪಂದ ಇರುತ್ತದೆ, ತುಂಬ ಮನೆಗಳಲ್ಲಿ 3.45 ಕೆವಿಎ, ಅಂದರೆ ಸುಮಾರು 3,450 ವ್ಯಾಟ್, ಅದು ದಾಟಿದರೆ ಟ್ರಿಪ್. ಹೀಟರ್ ಒಂದೇ 2,000 ವ್ಯಾಟ್ ಎಳೆಯುತ್ತೆ, ಕೆಟಲ್ ಇನ್ನೊಂದು 2,000. ಆವತ್ತಿನಿಂದ ನಮ್ಮ ಮನೆಯಲ್ಲಿ ನಿಯಮ: ಅನ್ನ ಆಗುವವರೆಗೆ ಹೀಟರ್ ಬಂದ್. ಅಮ್ಮ ಕೂತಲ್ಲಿಂದಲೇ "ಈಗ ಅನ್ನವೋ ಹೀಟರೋ?" ಅಂತ ಕೇಳೋರು.

ಎರಡನೇ ತೊಂದರೆ ತೇವ. ಸ್ನಾನದ ಮನೆಯ ಮೂಲೆಯಲ್ಲಿ ಕಪ್ಪಗೆ ಬೂಷ್ಟು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಚರ್ಮದ ಚಪ್ಪಲಿ ಮೇಲೆ ಬರುತ್ತಲ್ಲ, ಅದೇ ವಾಸನೆ. ಕಿಟಕಿಯಾಚೆಯ ಹಗ್ಗಕ್ಕೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗಲಿಲ್ಲ. ಊರಲ್ಲಾದರೆ ಬಚ್ಚಲೊಲೆ ಮೇಲೆ ಒಣಗಿಸಬಹುದಿತ್ತು. ಇಲ್ಲಿ ಬೀದಿಗೊಂದು ನಾಣ್ಯ ಹಾಕುವ ಲಾಂಡ್ರಿ ಇದೆ, ಕೆಲವೇ ಯೂರೋದಲ್ಲಿ ಒಗೆದು ಒಣಗಿಸಿ ಕೈಗೆ ಬಿಸಿಬಿಸಿ ಬಟ್ಟೆ ಬರುತ್ತದೆ, ಸುಮ್ನೆ ಜಿಪುಣತನ ಮಾಡದೆ ಮೊದಲ ದಿನದಿಂದಲೇ ಅಲ್ಲಿಗೆ ಹೋಗಿ.

ಮನೆ ಬುಕ್ ಮಾಡುವಾಗ ಇಷ್ಟು ಕೇಳಿಬಿಡಿ: ಬಿಸಿ ಗಾಳಿ ಕೊಡುವ ಏಸಿ ಇದೆಯಾ, ಮಲಗುವ ಕೋಣೆಯಲ್ಲೂ ಇದೆಯಾ, ತೇವ ಎಳೆಯುವ ಮೆಷಿನ್ ಇದೆಯಾ, ಕಿಟಕಿಗೆ ಎರಡು ಪದರ ಗಾಜು ಇದೆಯಾ, ದಕ್ಷಿಣಕ್ಕೆ ಮುಖ ಮಾಡಿದೆಯಾ. ವಯಸ್ಸಾದವರು ಜೊತೆಗಿದ್ದರೆ ಹೊಸ ಕಟ್ಟಡದ ಹೋಟೆಲೇ ವಾಸಿ. ಮುಂದಿನ ಸಲ ನಾವೂ ಹಾಗೇ ಮಾಡೋದು.

ಬಟ್ಟೆಬರೆಯಲ್ಲಿ ನಾನು ದೊಡ್ಡ ಹಿಮದ ಜಾಕೆಟ್ ಹೊತ್ತುಕೊಂಡು ಹೋಗಿ ಒಂದು ದಿನವೂ ಹಾಕಲಿಲ್ಲ. ಬೇಕಾದ್ದು ಒಳಗೆ ತೆಳ್ಳನೆ ಉಣ್ಣೆ, ಮೇಲೆ ನೀರು ಹಿಡಿಯದ, ಟೋಪಿ ಇರುವ ಜಾಕೆಟ್. ಮನೆಯಲ್ಲಿ ಹಾಕಿಕೊಳ್ಳಲು ದಪ್ಪ ಸಾಕ್ಸ್. ಕೊಡೆ ಬೇಡ. ಪ್ರಾಸಾ ದೊ ಕೊಮೆರ್ಸಿಯೊ ಅಂತ ನದಿ ದಂಡೆಯ ದೊಡ್ಡ ಚೌಕ ಇದೆ, ಅಲ್ಲಿ ನನ್ನ ಕೊಡೆ ಒಂದೇ ಏಟಿಗೆ ಉಲ್ಟಾ ಆಯಿತು, ಪಕ್ಕದ ಕಸದ ಡಬ್ಬಿಯಲ್ಲಿ ಆಗಲೇ ಮೂರು ಕೊಡೆ ಬಿದ್ದಿದ್ದವು.

ಎಲ್ಲಕ್ಕಿಂತ ಮುಖ್ಯ ಶೂ. ಲಿಸ್ಬನ್‌ನ ಫುಟ್‌ಪಾತ್ ಅಂದರೆ ಚಿಕ್ಕ ಚಿಕ್ಕ ಬಿಳಿ ಸುಣ್ಣದ ಕಲ್ಲು ಕೂರಿಸಿ, ನಡುವೆ ಕಪ್ಪು ಕಲ್ಲಿನಲ್ಲಿ ಅಲೆ, ಬಳ್ಳಿ ಬಿಡಿಸಿರುತ್ತಾರೆ. ವರ್ಷಗಟ್ಟಲೆ ಕಾಲ್ತುಳಿತಕ್ಕೆ ಸವೆದು ನುಣ್ಣಗಾಗಿರುತ್ತದೆ. ಮಳೆ ಬಿದ್ದರೆ ಪಾಚಿ ಕಟ್ಟಿದ ಅಂಗಳ. ಅದರ ಮೇಲೆ ಊರೆಲ್ಲ ಗುಡ್ಡ. ಅಲ್ಫಾಮಾದ ಇಳಿಜಾರಿನಲ್ಲಿ ನಾನು ಕೂತಲ್ಲೇ ನಾಲ್ಕು ಅಡಿ ಜಾರಿದೆ. ಅಮ್ಮ ಮಾತ್ರ ಅಡಿಕೆ ತೋಟದ ಸಂಕದ ಮೇಲೆ ನಡೆಯುವ ಹಾಗೆ ಅಡ್ಡ ಹೆಜ್ಜೆ ಇಟ್ಟುಕೊಂಡು ನೆಟ್ಟಗೆ ಇಳಿದರು. ತಳದಲ್ಲಿ ಒಳ್ಳೆ ಹಿಡಿತ ಇರುವ ಶೂ ಇಲ್ಲದೆ ಹೋಗಬೇಡಿ.

ಮಳೆ ದಿನಕ್ಕೆ ಓರಿಯೆಂಟೆ ಮೆಟ್ರೋ ಹತ್ತಿರದ ಓಶನೇರಿಯಂ ಒಳ್ಳೆಯದು, ಅರ್ಧ ದಿನ ಹೋಗುವುದೇ ಗೊತ್ತಾಗಲ್ಲ. ಇನ್ನೊಂದು ಬೆಲೆಮ್‌ನ ಜೆರೊನಿಮೊಸ್ ಮಠ. ಅಲ್ಲಿನ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿ ಇದೆ. ಹೊರಗೆ ಮಳೆ ಹೊಡೆಯುತ್ತಿರುವಾಗ ಅದರ ಮುಂದೆ ನಿಂತು ನನಗೆ ನೆನಪಾದದ್ದು ಬೇರೆಯೇ. ಈ ಮನುಷ್ಯ 1498ರಲ್ಲಿ ಮಾನ್ಸೂನ್ ಗಾಳಿ ಹಿಡಿದು ಆಫ್ರಿಕದಿಂದ ಕಲ್ಲಿಕೋಟೆಗೆ ಒಂದು ತಿಂಗಳೊಳಗೆ ಬಂದ, ವಾಪಸ್ ಹೋಗುವಾಗ ಸರಿಯಾದ ಗಾಳಿಗೆ ಕಾಯದೆ ನಮ್ಮ ಕಾರವಾರದ ಎದುರಿನ ಅಂಜುದೀವಿನಿಂದ ಹೊರಟು ಸಮುದ್ರದಲ್ಲೇ ಸುಮಾರು ಮೂರು ತಿಂಗಳು ಒದ್ದಾಡಿದ, ಎಷ್ಟೋ ಜನರನ್ನು ಕಳೆದುಕೊಂಡ. ಸೀಸನ್ ನೋಡದೆ ಟಿಕೆಟ್ ತೆಗೆಯುವ ಚಾಳಿ ಹಳೆಯದೇ ಅನ್ನಿ.

ಅರಮನೆಗಳಿರುವ ಹತ್ತಿರದ ಊರು ಸಿಂಟ್ರಾಗೆ ಮುಂಚೆಯೇ ದಿನ ಗಟ್ಟಿ ಮಾಡಬೇಡಿ. ಲಿಸ್ಬನ್‌ನ ರೊಸಿಯೊ ನಿಲ್ದಾಣದಿಂದ ರೈಲಿನಲ್ಲಿ 40 ನಿಮಿಷ, ಆದರೆ ಬೆಟ್ಟದ ಮೇಲಿರುವುದರಿಂದ ಲಿಸ್ಬನ್‌ನಲ್ಲಿ ಬಿಸಿಲಿದ್ದರೂ ಅಲ್ಲಿ ಮಂಜು. ಪೆನಾ ಅರಮನೆಗೆ ಸಮಯ ಬರೆದ ಟಿಕೆಟ್ ಬೇಕು, ಜನವರಿಯಲ್ಲಿ ನಮಗೆ ಹಿಂದಿನ ದಿನ ರಾತ್ರಿಯೂ ಸಿಕ್ಕಿತು. ಬಿರುಗಾಳಿ ಎಚ್ಚರಿಕೆ ಇದ್ದರೆ ಅಲ್ಲಿನ ಉದ್ಯಾನಗಳನ್ನೇ ಮುಚ್ಚುತ್ತಾರೆ. ಬೆಳಕೂ ಕಮ್ಮಿ: ಏಳೂಮುಕ್ಕಾಲು ದಾಟಿದ ಮೇಲೆ ಬೆಳಗಾಗುತ್ತದೆ, ಸಂಜೆ ಐದೂಮುಕ್ಕಾಲಿನೊಳಗೆ ಸೂರ್ಯ ಮುಳುಗಿರುತ್ತಾನೆ.

ಹಾಗಾದರೆ ಚಳಿಗಾಲದಲ್ಲಿ ಹೋಗಬೇಕಾ? ನಾನಂತೂ ಹೋಗಿ ಅಂತಲೇ ಹೇಳುತ್ತೇನೆ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕ್ಯೂ ಇರುತ್ತದಂತೆ ಅನ್ನುವ 28ನೇ ನಂಬರ್ ಟ್ರಾಮ್‌ನಲ್ಲಿ ಅಮ್ಮನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಅಂಗಡಿ ತುಂಬ ಕಿತ್ತಳೆ, ಅಗ್ಗ, ರಸಭರಿತ. ಮಾರ್ಟಿಮ್ ಮೊನಿಜ್ ಸುತ್ತಮುತ್ತ ಬಾಂಗ್ಲಾದೇಶದವರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಸಿಮೆಣಸು ಎಲ್ಲ ಇದೆ, ಸಾರು ಮಾಡಲು ಚಿಂತೆ ಇಲ್ಲ. ಮನೆ ಮಾಲೀಕ ಬೀಗದ ಕೈ ಕೊಡುವಾಗ "ಶಾವ್" ಅಂದಿದ್ದ, ಅಮ್ಮನಿಗೆ ತಕ್ಷಣ ಅರ್ಥವಾಯಿತು. ನಮ್ಮ ಚಾವಿ ಅನ್ನುವ ಪದ ಬಂದದ್ದೂ ಅವರ ಭಾಷೆಯಿಂದಲೇ ತಾನೆ.

ಕೊನೆಯ ದಿನ ಅಮ್ಮನ ಸ್ವೆಟರ್ ಇನ್ನೂ ಹಸಿಹಸಿ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ಬೆಂಗಳೂರಿನ ಬಾಲ್ಕನಿಯಲ್ಲಿ ಹಾಕಿದೆವು. ಟೀ ಕುಡಿದು ಬರುವಷ್ಟರಲ್ಲಿ ಒಣಗಿತ್ತು.