12345678987654321 ಮತ್ತು ಅದರೊಳಗಿನ 81

ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತಿ ಬರುವ ಲೆಕ್ಕವೊಂದಿದೆ: ಒಂಬತ್ತು ಒಂದುಗಳನ್ನು ಸಾಲಾಗಿ ಬರೆದ 111111111 ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 12345678987654321 ದೊರೆಯುತ್ತದೆ. ಇದನ್ನು ಪವಾಡವೆನ್ನುವವರೇ ಹೆಚ್ಚು. ಪವಾಡವೇನೂ ಇಲ್ಲ; ಆದರೆ ಕಾರಣವನ್ನು ಹುಡುಕುತ್ತ ಹೋದರೆ, ಮೇಲ್ನೋಟದ ಏರಿಳಿತಕ್ಕಿಂತ ಸೊಗಸಾದ ಇನ್ನೊಂದು ಗುಣ ಸಿಗುತ್ತದೆ.

ಶಾಲೆಯ ಕ್ರಮದಲ್ಲಿ ಗುಣಾಕಾರ ಮಾಡಿದರೆ, ಒಂಬತ್ತು ಒಂದುಗಳ ಒಂಬತ್ತು ಸಾಲುಗಳು, ಪ್ರತಿಯೊಂದೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದು, ಒಂದರ ಕೆಳಗೊಂದು ಕೂರುತ್ತವೆ. ಬಲತುದಿಯ ಸ್ಥಾನದ ಮೊತ್ತ 1, ಅದರ ಎಡಕ್ಕೆ 2. ಹೀಗೆ ನಡುವಿನಲ್ಲಿ 9 ಆಗಿ ಮತ್ತೆ ಇಳಿಯುತ್ತದೆ. ಯಾವ ಸ್ಥಾನದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕವನ್ನು ಎಡಕ್ಕೆ ಸಾಗಿಸುವ ಪ್ರಮೇಯವೇ ಬರುವುದಿಲ್ಲ. ಹತ್ತು ಒಂದುಗಳನ್ನು ತೆಗೆದುಕೊಂಡರೆ ಬರುವುದು 1234567900987654321; ಎಡಭಾಗದ 8 ಅಲ್ಲಿ ಕಾಣೆಯಾಗಿರುತ್ತದೆ.

ಇಂಥವುಗಳನ್ನು ಡೆಮ್ಲೋ ಸಂಖ್ಯೆಗಳೆಂದು ಕರೆದವರು ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986). ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ದಿನಗಳಲ್ಲಿ ಡೆಮ್ಲೋ ಎಂಬ ಹೆಸರಿದ್ದ ನಿಲ್ದಾಣದಲ್ಲಿ, ಅಂದರೆ ಇಂದಿನ ಡೊಂಬಿವಲಿಯಲ್ಲಿ, ಅವರಿಗೆ ಈ ವಿಚಾರ ಹೊಳೆಯಿತಂತೆ. ಅಲ್ಲಿ ಬೆಳಗಾದರೆ ಫಾಸ್ಟ್ ಲೋಕಲಿಗೆ ಓಡುವ ನಮ್ಮವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ! ಅದಕ್ಕೂ ಸಾವಿರ ವರ್ಷ ಹಿಂದೆ, ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ 27994681 ಅನ್ನು 441ರಿಂದ ಗುಣಿಸಿ 12345654321 ಪಡೆದಿದ್ದಾನೆ. ಅದು ಆರು ಒಂದುಗಳ ವರ್ಗವೇ ಆಗಿದೆ.

ಈಗ ನಾನು ಹೇಳಹೊರಟ ಗುಣ. ದಶಕ ಸಾಗದಿರುವುದರಿಂದ, ಸಾಲುಗಳಲ್ಲಿದ್ದ ಒಂಬತ್ತೊಂಬತ್ತಲ ಎಂಬತ್ತೊಂದು ಒಂದುಗಳೂ ಉತ್ತರದ ಅಂಕೆಗಳಲ್ಲಿ ಹಾಗೆಯೇ ಉಳಿದಿವೆ. ಆದ್ದರಿಂದ ಅಂಕೆಗಳ ಮೊತ್ತ 81. ಇನ್ನೊಂದು ಕಡೆ, 111111111ರ ಅಂಕೆಗಳ ಮೊತ್ತ 9 ಆಗಿರುವುದರಿಂದ ಅದು 9ರಿಂದ ಭಾಗವಾಗುತ್ತದೆ, ಅದರ ವರ್ಗವು 81ರಿಂದ ಭಾಗವಾಗುತ್ತದೆ. ಭಾಗಲಬ್ಧ 152415789971041, ಅಂದರೆ 12345679ರ ವರ್ಗ. ತನ್ನ ಅಂಕೆಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಹರ್ಷದ ಎಂದು ಹೆಸರಿಟ್ಟವರೂ ಕಾಪ್ರೇಕರರೇ.

ಇದು ಡೆಮ್ಲೋ ಸಂಖ್ಯೆಗಳಿಗೆಲ್ಲ ಸಲ್ಲುವ ಗುಣವೆಂದು ತಿಳಿಯಬಾರದು. 121ರ ಅಂಕೆಗಳ ಮೊತ್ತ 4, ಆದರೆ 4ರಿಂದ ಅದು ಭಾಗವಾಗದು. ಒಂದುಗಳ ಸಾಲು ಯಾವಾಗಲೂ ಬೆಸವಾದ್ದರಿಂದ ಎರಡು, ನಾಲ್ಕು, ಆರು, ಎಂಟು ಒಂದುಗಳ ವರ್ಗಗಳು ಮೊದಲೇ ಬಿದ್ದುಹೋಗುತ್ತವೆ. 11111 ಐದರಿಂದ ಭಾಗವಾಗುವುದಿಲ್ಲ, 1111111 ಅನ್ನು ಏಳರಿಂದ ಭಾಗಿಸಿದರೆ ಶೇಷ ಒಂದು ಉಳಿಯುತ್ತದೆ. ಒಂದೇ ಅಂಕೆಯ 1 ಅನ್ನು ಬಿಟ್ಟರೆ, ಒಂಬತ್ತು ಒಂದುಗಳವರೆಗೆ ಈ ಗುಣವಿರುವುದು ನಮ್ಮ 12345678987654321ಕ್ಕೆ ಮತ್ತು ಮೂರು ಒಂದುಗಳ ವರ್ಗಕ್ಕೆ ಮಾತ್ರ: 12321 ಅನ್ನು 9ರಿಂದ ಭಾಗಿಸಿದರೆ 1369, ಅದು 37ರ ವರ್ಗ. ನಮ್ಮ ದೊಡ್ಡ ಸಂಖ್ಯೆಯಲ್ಲಿಯೂ 3ರ ನಾಲ್ಕನೆಯ ಘಾತ ಮತ್ತು 333667ರ ವರ್ಗಗಳ ಜೊತೆಗೆ ಇದೇ 37ರ ವರ್ಗ ಅಪವರ್ತನವಾಗಿ ಕುಳಿತಿದೆ.